ನಕ್ಕರೆ ಹೆಸರು ರದ್ದು

ಗುಮಾಸ್ತರ ಮನೆಯಲ್ಲಿ ಆ ಬೆಳಿಗ್ಗೆ ಜಗಳ ಶುರುವಾದದ್ದು ಒಂದು ತಿಗಣೆಯಿಂದ. ತಿಗಣೆ ಎಂದರೆ ಎಷ್ಟು ದೊಡ್ಡದು? ಎಳ್ಳುಕಾಳಿಗಿಂತ ಕೊಂಚ ದಪ್ಪ. ಆದರೆ ನಿದ್ದೆಗೆಟ್ಟ ಹೆಂಡತಿ ಅದನ್ನು ಎರಡು ಬೆರಳಲ್ಲಿ ಹಿಡಿದು ಗಂಡನ ಮೂಗಿನ ಮುಂದೆ ತಂದಾಗ ಅದು ಎಮ್ಮೆಯಷ್ಟು ದೊಡ್ಡದಾಗಿ ಕಾಣುತ್ತದೆ.

“ನೋಡಿ, ಚೆನ್ನಾಗಿ ನೋಡಿ. ರಾತ್ರಿಯೆಲ್ಲ ನನ್ನ ರಕ್ತ ಕುಡಿದು ಹೇಗೆ ಉಬ್ಬಿದೆ ನೋಡಿ. ನಿಮಗೇನು, ಮಲಗಿದ್ರೆ ಮರದ ದಿಮ್ಮಿ. ನಿಮ್ಮನ್ನ ಕಚ್ಚೋಕೆ ಅದಕ್ಕೂ ಬೇಜಾರು.”

“ನನಗೂ ಕಚ್ಚುತ್ತೆ ಕಣೇ. ನಾನು ಹೇಳ್ಕೊಳ್ಳಲ್ಲ, ಅಷ್ಟೇ.”

“ತಿಗಣೆ ಎಣ್ಣೆ ಮಾಡೋ ಕಂಪನೀಲಿ ಕೆಲಸ. ಗೋಡೌನ್ ತುಂಬ ಡಬ್ಬಿ. ಮನೆ ತುಂಬ ತಿಗಣೆ. ಕೇಳಿದವರು ಬಾಯಲ್ಲಿ ನಗಲ್ಲ!”

“ಡಬ್ಬಿ ಇದೆ, ಹೊರಗೆ ಬಿಡೋ ಹಾಗಿಲ್ಲ. ಅದಕ್ಕಿನ್ನೂ ಹೆಸರಿಟ್ಟಿಲ್ಲ.”

“ಹೆಸರಿಡದಿದ್ರೆ ತಿಗಣೆ ಸಾಯಲ್ವಾ? ಯಾರಪ್ಪ ನನ್ನ ಕೊಲ್ತಿರೋದು ಅಂತ ವಿಚಾರಿಸ್ಕೊಂಡು ಸಾಯುತ್ತಾ ಅದು?”

ಅಷ್ಟರಲ್ಲಿ ಪಕ್ಕದ ಮನೆಯ ಕಿಟಕಿಯಿಂದ ಒಂದು ತಲೆ ಹೊರಬಂತು. ಅದು ರೇಡಿಯೋ ಅಕ್ಕನದು. ಆಕೆಯ ಮನೆಯಲ್ಲಿ ರೇಡಿಯೋ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

“ತಿಗಣೆನಾ? ಅಯ್ಯೋ, ಅದಕ್ಯಾಕೆ ಎಣ್ಣೆ? ಹಾಸಿಗೆ ಮಹಡಿ ಮೇಲೆ ಹಾಕ್ಸು, ಮಿಕ್ಕಿದ್ದು ನಾನು ನೋಡ್ಕೋತೀನಿ,” ಎಂದಳು ರೇಡಿಯೋ ಅಕ್ಕ.

ಹೆಂಡತಿ ಗಂಡನ ಕಡೆ ತಿರುಗಿ ತೀರ್ಪು ಕೊಟ್ಟಳು. “ಇವತ್ತು ಸಂಜೆ ಆ ಎಣ್ಣೆ ಮನೆಗೆ ಬಂದ್ರೆ ನಾನು ಇಲ್ಲಿರ್ತೀನಿ. ಇಲ್ಲಾಂದ್ರೆ ಅಮ್ಮನ ಮನೆಗೆ ಹೋಗ್ತೀನಿ. ನೀವೂ ತಿಗಣೆಗಳೂ ಸುಖವಾಗಿರಿ.”

ಗುಮಾಸ್ತರು ಬೆನ್ನು ಕೆರೆದುಕೊಳ್ಳುತ್ತ ಕೆಲಸಕ್ಕೆ ಹೊರಟರು.

ಕಂಪನಿಯಲ್ಲಿ ಅವರ ಕೆಲಸ ಹೆಸರು ಹುಡುಕುವುದು. ಸೋಪಾಗಲಿ, ಪೌಡರಾಗಲಿ, ಜಿರಲೆ ಪುಡಿಯಾಗಲಿ, ತಯಾರಾದ ಸರಕಿಗೆಲ್ಲ ಎರಡಕ್ಷರದ, ಹೆಚ್ಚೆಂದರೆ ಮೂರಕ್ಷರದ, ನಾಲಿಗೆಗೆ ಸಲೀಸಾದ ಒಂದು ಹೆಸರನ್ನು ಅವರು ಒದಗಿಸಬೇಕು. ಎಲ್ಲದಕ್ಕೂ ಹೆಸರಿಡುವ ಅವರಿಗೆ ಮಾತ್ರ ಅಲ್ಲಿ ಹೆಸರಿರಲಿಲ್ಲ. ದೊಡ್ಡವರಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರಿಗೂ ಅವರು ಗುಮಾಸ್ತರು.

ಇದೇನು ಮಹಾ ಕೆಲಸ ಎನ್ನಬೇಡಿ. ಕಂಪನಿಯ ಸರಕು ನಾನಾ ಭಾಷೆಯ ಊರುಗಳಿಗೆ, ಕಡಲಿನಾಚೆಗೂ ಹೋಗುತ್ತಿತ್ತು. ಹಿಂದೊಮ್ಮೆ ಒಂದು ಹಳದಿ ಸೋಪಿಗೆ ಮುದ್ದಾದ ಹೆಸರಿಟ್ಟು, ‘ದಿನಾ ಬೆಳಿಗ್ಗೆ ಮೈತುಂಬ’ ಎಂದು ಅದರ ಕೆಳಗೆ ಅಚ್ಚು ಹಾಕಿಸಿ, ಒಂದು ಹಡಗು ತುಂಬ ಕಳಿಸಿದ್ದರು. ಹಡಗು ಹೋಗಿ ಮುಟ್ಟಿದ ಕಡೆಯ ಭಾಷೆಯಲ್ಲಿ ಆ ಹೆಸರಿಗೆ ಕಜ್ಜಿ ಎಂದು ಅರ್ಥವಂತೆ. ದಿನಾ ಬೆಳಿಗ್ಗೆ ಮೈತುಂಬ ಕಜ್ಜಿ ಯಾರಿಗೆ ಬೇಕು? ಹಡಗು ಹೋದ ದಾರಿಯಲ್ಲೇ ತಿರುಗಿ ಬಂತು. ಆ ಸೋಪಿನ ಪೆಟ್ಟಿಗೆಗಳನ್ನು ಅಂಗಳದಲ್ಲಿ ಗೋಡೆಯಂತೆ ಪೇರಿಸಿಟ್ಟಿದ್ದರು. ಪ್ರತಿ ವರ್ಷ ನೌಕರರಿಗೆಲ್ಲ ಉಡುಗೊರೆಯೆಂದು ಹಂಚಿದರೂ ಗೋಡೆ ಕರಗಿರಲಿಲ್ಲ. ಕಂಪನಿಯ ಸಮಸ್ತರೂ ಇವತ್ತಿಗೂ ಕಜ್ಜಿ ಸೋಪಿನಲ್ಲೇ ಸ್ನಾನ ಮಾಡುತ್ತಿದ್ದರು.

ಅಲ್ಲಿಂದ ಮುಂದೆ ನಗೆ ಪರೀಕ್ಷೆ ಜಾರಿಗೆ ಬಂತು. ಮೂರು ಬೇರೆ ಬೇರೆ ಮನೆಮಾತಿನ ಮೂವರನ್ನು ಕೇಳುಗರೆಂದು ಆರಿಸಿದರು: ಗೇಟಿನ ತಾತ, ಲೆಕ್ಕದ ಅಕ್ಕ, ಲಾರಿ ಮಾವ. ಹೊಸ ಹೆಸರನ್ನು ಗುಮಾಸ್ತರು ಅವರ ಮುಂದೆ ಮೂರು ಥರ ಹೇಳಬೇಕು. ಬೀದಿಯಲ್ಲಿ ಮಾರುವವನ ಹಾಗೆ ಕೂಗಿ ಒಮ್ಮೆ, ಸಿಟ್ಟಿನಲ್ಲಿ ಗದರಿ ಒಮ್ಮೆ, ಮಗು ಹಟ ಹಿಡಿದ ಹಾಗೆ ಅತ್ತು ಒಮ್ಮೆ. ಮೂವರಲ್ಲಿ ಯಾರು ನಕ್ಕರೂ ಹೆಸರು ರದ್ದು. “ಅರ್ಥ ಕೇಳಿದ್ರೆ ಜನ ನಾಚ್ಕೊಂಡು ಮುಚ್ಚಿಡ್ತಾರೆ. ನಗು ಮುಚ್ಚಿಡೋಕಾಗಲ್ಲ,” ಎಂದಿದ್ದರು ದೊಡ್ಡವರು. ಅವರು ಕಂಪನಿಯ ಯಜಮಾನರು.

ಪರೀಕ್ಷೆ ಬಂದದ್ದೇ ಬಂದದ್ದು, ಹೆಸರಿಗೆ ಬರ ಬಂತು. ಚಿಕ್ಕ ಮಾತು ಯಾವುದೇ ಇರಲಿ, ಮೂರರಲ್ಲಿ ಒಂದು ಭಾಷೆಯಲ್ಲಿ ಅದಕ್ಕೊಂದು ನಗೆಪಾಟಲಿನ ಅರ್ಥ ಇದ್ದೇ ಇರುತ್ತಿತ್ತು. ಅಪ್ಪಿತಪ್ಪಿ ಪಾಸಾದ ಹೆಸರಿಗೆ ಸೋಪಿನ ವಿಭಾಗಕ್ಕೂ ಎಣ್ಣೆ ವಿಭಾಗಕ್ಕೂ ಹಾವು ಮುಂಗುಸಿಯ ಕಾದಾಟ. ಕಡೆಗೆ ಗುಮಾಸ್ತರೇ ಒಂದು ನಿಯಮ ಮಾಡಿದರು. ಯಾವ ಸರಕು ಮೊದಲು ತಯಾರಾಗಿದೆಯೋ ಅದಕ್ಕೆ ಮೊದಲು ಹೆಸರು. ಸರದಿ ಅಂದರೆ ಸರದಿ, ಅದರಲ್ಲಿ ಮುಲಾಜಿಲ್ಲ. ದೊಡ್ಡವರು ಎಲ್ಲರ ಮುಂದೆ ಅವರ ಬೆನ್ನು ತಟ್ಟಿದ್ದರು. ಗುಮಾಸ್ತರ ಜೀವಮಾನದಲ್ಲಿ ಬೆನ್ನು ತಟ್ಟಿಸಿಕೊಂಡದ್ದು ಅದೊಂದೇ ಸಲ. ಆಮೇಲೆ ಆ ಬೆನ್ನು ಕೆರೆದುಕೊಳ್ಳಲಿಕ್ಕಷ್ಟೇ ಉಪಯೋಗವಾಯಿತು.

ಆ ಸರದಿಯಲ್ಲಿ ಈಗ ಎಲ್ಲರಿಗಿಂತ ಮುಂದೆ ನಿಂತಿದ್ದದ್ದು ತಿಗಣೆ ಎಣ್ಣೆ. ಅದರ ಉಸ್ತುವಾರಿಯ ಎಣ್ಣೆ ಅಣ್ಣ ಬಹಳ ಮೆದು ಮನುಷ್ಯ. ಸಾವಿರಾರು ತಿಗಣೆಗಳ ಸಾವಿಗೆ ಏರ್ಪಾಡು ಮಾಡಿದವನೆಂದು ಮುಖ ನೋಡಿದರೆ ಯಾರೂ ಹೇಳಲಾರರು. ತಾನೇ ಕೂತು ಹೊಸೆದ ಜಾಹೀರಾತಿನ ಸಾಲನ್ನೂ ಡಬ್ಬಿಗಳ ಮೇಲೆ ಅಚ್ಚು ಮಾಡಿಸಿಟ್ಟು, ಹೆಸರಿಗೆ ಮಾತ್ರ ಮುಂದೆ ಜಾಗ ಬಿಡಿಸಿದ್ದ.

ಗುಮಾಸ್ತರು ಬೆಳಿಗ್ಗೆ ಮೊದಲು ಹೋದದ್ದು ಅವನ ಬಳಿಗೇ. “ಅಣ್ಣಾ, ಒಂದೇ ಒಂದು ಡಬ್ಬಿ ಕೊಡು. ಮನೇಲಿ ಪರಿಸ್ಥಿತಿ ಚೆನ್ನಾಗಿಲ್ಲ.”

“ಹೆಸರಿಲ್ಲದ ಕೂಸನ್ನ ಹೇಗೆ ಹೊರಗೆ ಕಳಿಸ್ಲಿ ಗುಮಾಸ್ತ್ರೇ? ನಿಯಮ ನಿಮ್ಮದೇ. ಮೊದಲು ಹೆಸರು ತನ್ನಿ, ಮೊದಲ ಡಬ್ಬಿ ನಿಮಗೇ. ಪಾಪ, ಅಷ್ಟು ದಿನದಿಂದ ಕಾಯ್ತಾ ಇದೆ...” ಎನ್ನುತ್ತ ಡಬ್ಬಿಯ ತಲೆ ನೇವರಿಸಿದ.

ಅಷ್ಟರಲ್ಲಿ ದೊಡ್ಡವರಿಂದ ಕರೆ ಬಂತು.

ದೊಡ್ಡವರ ಮೇಜಿನ ಮೇಲೆ ಗುಲಾಬಿ ಬಣ್ಣದ ಹೊಸ ಸೋಪು ಮಲಗಿತ್ತು. ಕೋಣೆಯೆಲ್ಲ ಘಮಘಮ. “ಗುಮಾಸ್ತ್ರೇ, ಇವತ್ತು ಸ್ನಾನ ಮಾಡ್ತಾ ಇದ್ದಾಗ ಇದಕ್ಕೆ ಹೆಸರು ಹೊಳೀತು. ಲೂಮಾ! ಹೇಗಿದೆ?”

“ಬಹಳ ಚೆನ್ನಾಗಿದೆ ಸಾರ್,” ಎಂದರು ಗುಮಾಸ್ತರು. ಯಜಮಾನರ ಬಾಯಿಂದ ಬಂದ ಮಾತು ಚೆನ್ನಾಗಿಲ್ಲದೆ ಇರುತ್ತದೆಯೇ? “ಆದ್ರೆ ಸರದಿ ಪ್ರಕಾರ ಮುಂದಿನ ಹೆಸರು...”

“ಇದು ನನ್ನ ಸ್ವಂತ ಮಾತು. ಇದೊಂದು ಸರದಿಗೆ ಸೇರಲ್ಲ, ನೇರ ಸೋಪಿಗೆ. ಸಂಜೆ ಸೈರನ್ ಆಗೋಷ್ಟರಲ್ಲಿ ಅಚ್ಚಿನವರು ಬರ್ತಾರೆ. ಅಷ್ಟರೊಳಗೆ ಪಾಸಾಗ್ಬೇಕು. ಒಂದು ಹೆಸರು ಪಾಸು ಮಾಡಿಸೋಕೂ ಆಗದಿದ್ರೆ ನಿಮಗೆ ಆ ಮೇಜು, ಆ ಫ್ಯಾನು ಯಾಕೆ? ಸೋಡಾ ಕಾಯಿಸೋ ಶೆಡ್‌ಗೆ ಒಬ್ಬರು ಬೇಕು ಅಂತಿದ್ರು.”

ಸೋಪಿನ ಸೋಡಾ ಕಾಯಿಸುವ ಶೆಡ್‌ಗೆ ಹೋದವರ ಹುಬ್ಬು ಆ ಹಬೆಗೆ ಉದುರುತ್ತದೆ ಎಂಬ ಮಾತಿತ್ತು. ಗುಮಾಸ್ತರು ಹುಬ್ಬು ಮುಟ್ಟಿ ನೋಡಿಕೊಂಡು ಹೊರಬಂದರು. ಬಾಗಿಲಲ್ಲೇ ಎಣ್ಣೆ ಅಣ್ಣ ನೀರಿನ ಲೋಟ ಹಿಡಿದು ನಿಂತಿದ್ದ. “ಕುಡೀರಿ. ಧೈರ್ಯವಾಗಿರಿ. ನಾನೂ ಜೊತೆಗೆ ಬರ್ತೀನಿ,” ಎಂದ. ಇಂಥ ಸಹೋದ್ಯೋಗಿಗಳು ಎಷ್ಟು ಜನಕ್ಕೆ ಸಿಗುತ್ತಾರೆ?

ಮೂವರನ್ನೂ ಒಟ್ಟಿಗೆ ಕೂರಿಸಿದರೆ ಒಬ್ಬರ ನಗು ಇನ್ನೊಬ್ಬರಿಗೆ ಹತ್ತುತ್ತದೆ. ಅದಕ್ಕೇ ಗುಮಾಸ್ತರು ಒಬ್ಬೊಬ್ಬರನ್ನೇ ವಿಚಾರಿಸಿಕೊಳ್ಳಲು ಹೊರಟರು. ಮೊದಲು ಗೇಟಿನ ತಾತ. ಸ್ಟೂಲಿನ ಮೇಲೆ ಕೂತಿದ್ದ ತಾತನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ಮಾರುವವನ ಹಾಗೆ ಕೂಗಿದರು: “ಲೂಮಾ... ಲೂಮಾ!”

ತಾತ ನಗಲಿಲ್ಲ. ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. ಕಣ್ಣಿಂದ ದಳದಳ ನೀರು ಸುರಿಯತೊಡಗಿತು.

“ಏನಾಯ್ತು ತಾತ?”

“ನಮ್ಮ ಕಡೆ, ಎತ್ಕೊಳ್ಳೋರಿಲ್ಲದ ಕುರಿಮರಿಗೆ ಹಾಗಂತೀವಪ್ಪ. ತಾಯಿ ಸತ್ತ ಮರಿ. ಚಿಕ್ಕೋನಿದ್ದಾಗ ನನ್ನ ಹತ್ರ ಒಂದಿತ್ತು. ನನ್ನ ಹಿಂದೇನೇ ಬರ್ತಿತ್ತು...” ತಾತ ಮಾತು ಮುಗಿಸಲಾರದೆ ಟೋಪಿಗೇ ಮುಖ ಒರೆಸಿಕೊಂಡ.

ಅತ್ತರೆ ಏನು ಮಾಡಬೇಕೆಂದು ನಿಯಮದಲ್ಲಿರಲಿಲ್ಲ. ಗುಮಾಸ್ತರು ಓಡಿಹೋಗಿ ದೊಡ್ಡವರನ್ನು ಕೇಳಿದರು. “ಅಳಲಿ ಬಿಡಿ. ಅತ್ತವರು ಮುಖ ತೊಳೀಲೇಬೇಕಲ್ಲ, ಸೋಪು ಬೇಕಾಗುತ್ತೆ,” ಎಂದರು ದೊಡ್ಡವರು. ಒಂದು ಗಂಡಾಂತರ ಕಳೆಯಿತು.

ಎರಡನೆಯದು ಲೆಕ್ಕದ ಅಕ್ಕ. ಆಕೆ ಕನ್ನಡಕ ಮೂಗಿನ ತುದಿಗಿಳಿಸಿಕೊಂಡು ಕೂಡಿಸುತ್ತ ಕಳೆಯುತ್ತ ಕೂತಿದ್ದಳು. ಆಕೆ ನಕ್ಕದ್ದನ್ನು ಕಂಡವರು ವಿರಳ. ಅದೇ ಧೈರ್ಯದ ಮೇಲೆ ಗುಮಾಸ್ತರು ಮೆತ್ತಗೆ ಹೇಳಿದರು: “ಲೂಮಾ.”

ಅಕ್ಕನ ಪೆನ್ನು ನಿಂತಿತು. ಕೆನ್ನೆ ಉಬ್ಬಿತು. ಆಮೇಲೆ ಕುಕ್ಕರಿನ ಸೀಟಿಯಂಥ ಒಂದು ಸದ್ದು ಬಂದು, ಆಕೆ ಮೇಜಿನ ಮೇಲೆ ತಲೆಯಿಟ್ಟು ಮೈಕುಲುಕಿಸಿ ನಗತೊಡಗಿದಳು.

“ಅಕ್ಕಾ, ನಗಬೇಡಿ ಅಕ್ಕಾ! ನನ್ನ ಹುಬ್ಬಿನ ಪ್ರಶ್ನೆ!”

“ಅಯ್ಯೋ... ನಮ್ಮಲ್ಲಿ... ತಲೆಗೆ ಬಣ್ಣ ಹಚ್ಕೊಂಡು ಹೆಣ್ಣು ನೋಡೋಕೆ ಹೋಗ್ತಾರಲ್ಲ ಮುದುಕರು... ಅವರಿಗೆ... ಲೂಮಾ ಅಂತಾರೆ. ನಮ್ಮ ದೊಡ್ಡಪ್ಪ ಒಬ್ಬರು... ಮಳೆಯಲ್ಲಿ ನೆನೆದು... ಬಣ್ಣವೆಲ್ಲ ಇಳಿದು...” ಮುಂದೆ ಹೇಳಲಾಗದೆ ಆಕೆ ಮತ್ತೆ ಮೇಜಿಗೆ ಬಿದ್ದಳು.

“ನಕ್ಕಾಯ್ತಲ್ಲ ಗುಮಾಸ್ತ್ರೇ, ರದ್ದಾಯ್ತು,” ಎಂದ ಎಣ್ಣೆ ಅಣ್ಣ ಹಿಂದಿನಿಂದ, ಬಹಳ ಸಂಕಟದ ದನಿಯಲ್ಲಿ.

“ಅದು ನಗು ಅಲ್ಲ, ಕೆಮ್ಮು,” ಎಂದು ಗುಮಾಸ್ತರು ಅಲ್ಲಿಂದ ಕಾಲು ಕಿತ್ತರು. ಉಳಿದವನು ಲಾರಿ ಮಾವ. ಅವನೊಬ್ಬ ಗಂಭೀರವಾಗಿದ್ದರೆ, ಅಕ್ಕನ ಕೆಮ್ಮಿಗೆ ಔಷಧಿ ತರಿಸಿ ಸಂಜೆಗೆ ಇನ್ನೊಮ್ಮೆ ನೋಡಬಹುದು ಎಂಬುದು ಅವರ ಹಂಚಿಕೆ.

ಲಾರಿ ಮಾವ ಅಂಗಳದಲ್ಲಿ ಲಾರಿ ನಿಲ್ಲಿಸಿ, ಎಂಜಿನ್ ಗುಡುಗುಡು ಚಾಲೂ ಇಟ್ಟುಕೊಂಡೇ ಸ್ಟಿಯರಿಂಗ್ ತಬ್ಬಿ ತೂಕಡಿಸುತ್ತಿದ್ದ. ಎಂಜಿನ್ ನಿಂತರೆ ಅವನಿಗೆ ಎಚ್ಚರವಾಗುತ್ತಿತ್ತು. ಗುಮಾಸ್ತರು ಮಾರುವವನ ಹಾಗೆ ಕೂಗಿದರು. ಮಾವ ಮಿಸುಕಲಿಲ್ಲ. ಸಿಟ್ಟಿನ ಸರದಿ ಬಂತು. ತಿಗಣೆಯ ಸಿಟ್ಟು, ಹೆಂಡತಿಯ ಮಾತಿನ ಸಿಟ್ಟು, ಅಕ್ಕನ ದೊಡ್ಡಪ್ಪನ ಸಿಟ್ಟು ಎಲ್ಲ ಸೇರಿಸಿ ಬಾಗಿಲಿಗೆ ಗುದ್ದಿ ಗುಮಾಸ್ತರು ಗದರಿದರು: “ಲೂಮಾ!”

ಮಾವನ ಭಾಷೆಯಲ್ಲಿ ಆ ಮಾತಿಗೆ ‘ಹಿಂದಕ್ಕೆ ಬಾ’ ಎಂದರ್ಥ. ಹುಟ್ಟಿದಾಗಿನಿಂದ ಕೇಳಿದ ಮಾತು. ತಲೆ ನಿದ್ದೆಯಲ್ಲೇ ಇತ್ತು, ಕೈಕಾಲು ಮಾತ್ರ ವಿಧೇಯವಾಗಿ ಕೆಲಸ ಮಾಡಿದವು. ಲಾರಿ ಗುರ್ ಎಂದು ಹಿಂದೆ ಹೋಗಿ ಕಜ್ಜಿ ಸೋಪಿನ ಗೋಡೆಯನ್ನು ತಬ್ಬಿಕೊಂಡಿತು.

ಆಗಷ್ಟೇ ಅಂಗಳ ತೊಳೆದಿದ್ದರು. ನೆಲ ಇನ್ನೂ ಒದ್ದೆಯಿತ್ತು. ಪೆಟ್ಟಿಗೆಗಳು ಒಡೆದು ಹಳದಿ ಸೋಪುಗಳು ಕಪ್ಪೆಗಳ ಹಾಗೆ ನಾಲ್ಕೂ ಕಡೆ ನೆಗೆದವು. ಏನು ಸದ್ದು ಎಂದು ನೋಡಲು ಹೊರಬಂದ ದೊಡ್ಡವರು ಮೊದಲ ಸೋಪಿನ ಮೇಲೆ ಎಡಗಾಲಿಟ್ಟರು, ಎರಡನೆಯದರ ಮೇಲೆ ಬಲಗಾಲಿಟ್ಟರು, ಮೂರನೆಯದರ ಮೇಲೆ ಕೂತೇಬಿಟ್ಟರು. ಕೂತ ಭಂಗಿಯಲ್ಲೇ, ಒಂದಿಷ್ಟೂ ಗಾಂಭೀರ್ಯ ಕೆಡದಂತೆ, ದೋಣಿ ತೇಲಿದ ಹಾಗೆ ಗೇಟಿನ ಕಡೆ ಸಾಗಿದರು. ಯಜಮಾನರು ಬರುತ್ತಿರುವುದನ್ನು ಕಂಡ ಗೇಟಿನ ತಾತ ಅಭ್ಯಾಸಬಲದಿಂದ ಎದ್ದು ಗೇಟು ತೆರೆದು ಸಲಾಂ ಹೊಡೆದ. ದೊಡ್ಡವರು ಬೀದಿಗೆ ಹೋದರು.

ಅವತ್ತು ಕಾರ್ಖಾನೆಯಲ್ಲಿ ನಗದೆ ಇದ್ದವರು ಇಬ್ಬರೇ, ದೊಡ್ಡವರು ಮತ್ತು ಗುಮಾಸ್ತರು.

“ಲೂಮಾ ರದ್ದು,” ಎಂದರು ದೊಡ್ಡವರು, ಕುರ್ಚಿಯ ಮೇಲೆ ದಿಂಬು ಹಾಕಿಸಿಕೊಂಡು. “ಇಡೀ ಕಂಪನಿ ನಕ್ಕಿದೆ. ಈಗ ಬೇರೆ ಹೆಸರು ತನ್ನಿ. ಕೇಳುಗರು ಮೂವರೂ ನಿಮ್ಮ ಮೇಜಿನ ಪಕ್ಕದಲ್ಲೇ ಇರ್ಲಿ. ಸೈರನ್ ಆದಾಗ ಹೆಸರು ಇರಬೇಕು. ಇಲ್ಲಾಂದ್ರೆ ಶೆಡ್ಡು.”

ಗುಮಾಸ್ತರು ತಲೆಗೆ ಬಂದದ್ದನ್ನೆಲ್ಲ ಹೇಳತೊಡಗಿದರು.

“ರೀಪಾ?”

“ನಮ್ಮಲ್ಲಿ ಬೋಳುತಲೆ ಮೇಲೆ ಬಿದ್ದ ಕಾಗೆ ಹಿಕ್ಕೆ,” ಎಂದು ಲಾರಿ ಮಾವ ಕಿಸಕ್ಕೆಂದ.

“ಟೋಸಿ?”

“ಹ್ಹಿಹ್ಹಿ, ಒಳಚಡ್ಡಿ ಲಾಡಿ,” ಎಂದ ತಾತ. ಅಳು ಮರೆತು ಈಗ ಅವನಿಗೂ ಉತ್ಸಾಹ ಬಂದಿತ್ತು.

“ಮಾಬು?”

ಲೆಕ್ಕದ ಅಕ್ಕ ಅರ್ಥ ಹೇಳಲಿಲ್ಲ. ಕೆನ್ನೆ ಕೆಂಪು ಮಾಡಿಕೊಂಡು ಗೋಡೆಯ ಕಡೆ ತಿರುಗಿ ಒಬ್ಬಳೇ ನಕ್ಕಳು. ಅದು ಎಲ್ಲಕ್ಕಿಂತ ಕೆಟ್ಟದ್ದಿರಬೇಕು.

ಹೀಗೆ ಮೂವರ ಭಾಷೆಗಳೂ ಮೂರು ಬಲೆಗಳ ಹಾಗೆ ಬಿದ್ದುಕೊಂಡಿರುವಾಗ ಗುಮಾಸ್ತರ ಫೋನು ಬಡಿದುಕೊಂಡಿತು. ಹೆಂಡತಿ.

“ರೀ, ಕೇಳಿಸ್ತಾ ಇದೆಯಾ? ರೇಡಿಯೋ ಅಕ್ಕ ಹಾಸಿಗೆಗೆ ಬಿಸಿನೀರು ಹೊಯ್ಸಿದ್ರು. ಹಾಸಿಗೆ ಹಾಳಾಯ್ತು. ತಿಗಣೆಗಳು ಸ್ನಾನ ಮಾಡಿ, ಮೈ ಒಣಗಿಸ್ಕೊಂಡು ಮಂಚಕ್ಕೆ ಬಂದಿವೆ. ನಾನು ಪೆಟ್ಟಿಗೆ ಕಟ್ಟಾಯ್ತು!”

ಫೋನು ಗೊರಗೊರ ಎನ್ನುತ್ತಿತ್ತು. ಗುಮಾಸ್ತರು ಕುರ್ಚಿಯಿಂದೆದ್ದು ಕಿಟಕಿಗೆ ಹೋಗಿ ಕೂಗಿದರು: “ಪಿಮ್ಮೀ! ಪಿಮ್ಮೀ!”

ಮದುವೆಯಾದ ಹೊಸತರಲ್ಲಿ ಅವರು ಹಾಗೆ ಕರೆಯುತ್ತಿದ್ದರು. ಮಗುವಾಗಿದ್ದಾಗ ಆಕೆ ಸೀನಿದರೆ ‘ಪಿಮ್ಮಿ’ ಎಂದು ಸದ್ದು ಬರುತ್ತಿತ್ತಂತೆ. ಆಕೆಯ ತಾಯಿ ಅದನ್ನೇ ಹೆಸರು ಮಾಡಿದ್ದರು. ಜಗತ್ತಿನಲ್ಲಿ ಆ ಹೆಸರು ಗೊತ್ತಿದ್ದದ್ದು ತಾಯಿಗೆ ಮತ್ತು ಗಂಡನಿಗೆ. ಸಂಸಾರ ಹಳತಾದ ಹಾಗೆ ಅದು ‘ಇವಳೇ’, ‘ಕೇಳಿಸ್ತಾ’ ಎಂದು ಸವೆದುಹೋಗಿತ್ತು. ಇವತ್ತು ಕಷ್ಟದಲ್ಲಿ ತಾನಾಗಿ ಬಾಯಿಗೆ ಬಂತು.

“ಹಳೇ ಹೆಸರು ಹಿಡಿದು ಕರೆದ್ರೆ ಕರಗಿಬಿಡ್ತೀನಿ ಅಂದ್ಕೊಂಡ್ರಾ? ನಾನು ಹೊರಟೆ.”

“ಪಿಮ್ಮಿ!” ಎಂದು ಗದರಿದರು ಗುಮಾಸ್ತರು.

“ಯಾರ ಮೇಲೆ ರೇಗ್ತೀರಿ? ತಿಗಣೆ ಮೇಲೆ ರೇಗಿ ನೋಡೋಣ!”

“ಪಿಮ್ಮೀ...” ಗುಮಾಸ್ತರ ದನಿ ಆಟಿಕೆ ಕಿತ್ತುಕೊಂಡ ಮಗುವಿನ ಹಾಗೆ ಅಳುಬುರುಕಾಯಿತು. ಅತ್ತ ಕಡೆ ಫೋನು ಕಟ್ಟಾಯಿತು.

ಗುಮಾಸ್ತರು ತಿರುಗಿ ನೋಡಿದರು. ತಾತ, ಅಕ್ಕ, ಮಾವ ಮೂವರೂ ಸಾಲಾಗಿ ಕೂತು ಅವರನ್ನೇ ನೋಡುತ್ತಿದ್ದರು. ಹಿಂದೆ ಎಣ್ಣೆ ಅಣ್ಣ ಕಲ್ಲಿನ ಕಂಬದ ಹಾಗೆ ನಿಂತಿದ್ದ.

“ಗುಮಾಸ್ತ್ರೇ, ಈಗ ಅಂದ್ರಲ್ಲ, ಅದೇನು?” ಎಂದ ಎಣ್ಣೆ ಅಣ್ಣ ಪಿಸುದನಿಯಲ್ಲಿ.

“ಏನಿಲ್ಲಪ್ಪ. ಮನೆ ವಿಷಯ.”

“ಕೂಗಿದ್ರಿ. ಗದರಿದ್ರಿ. ಅತ್ತೂ ಅತ್ರಿ. ಮೂರೂ ಆಯ್ತು. ಯಾರೂ ನಗಲಿಲ್ಲ!” ಅವನು ಮೂವರ ಕಡೆ ತಿರುಗಿದ. “ಅಕ್ಕಾ, ನಿಮ್ಮಲ್ಲಿ ಪಿಮ್ಮಿ ಅಂದ್ರೇನು?”

“ಏನೂ ಇಲ್ವಲ್ಲ!” ಎಂದಳು ಅಕ್ಕ ಆಶ್ಚರ್ಯದಿಂದ.

“ನಮ್ಮಲ್ಲೂ ಏನಿಲ್ಲ,” ಎಂದ ಮಾವ.

“ಅಳುನೂ ಬರ್ಲಿಲ್ಲ,” ಎಂದ ತಾತ.

ಗುಮಾಸ್ತರು ಎರಡೂ ಕೈ ಅಡ್ಡ ಹಿಡಿದರು. “ಬೇಡ ಬೇಡ, ಅದು ನನ್ನ ಹೆಂಡತಿಯ ಮುದ್ದಿನ ಹೆಸರು. ಮಾರಾಟಕ್ಕಲ್ಲ.” ಆದರೆ ಹೇಳುತ್ತ ಹೇಳುತ್ತಲೇ ಅವರ ತಲೆಯೊಳಗೆ ಗುಲಾಬಿ ಬಣ್ಣದ ಸೋಪು ಘಮಘಮಿಸತೊಡಗಿತು. ಎಣ್ಣೆ ಸಿಗದಿದ್ದರೇನಂತೆ? ಪರಿಮಳದ ಸೋಪಿನ ಮೇಲೆ, ಹಡಗು ಹೋಗುವ ಊರೂರಿನಲ್ಲೂ ತನ್ನ ಹೆಸರು ಅಂದರೆ ಯಾವ ಹೆಂಡತಿ ಪೆಟ್ಟಿಗೆ ಬಿಚ್ಚುವುದಿಲ್ಲ? ಮೇಜು ಉಳಿಯುತ್ತದೆ, ಫ್ಯಾನು ಉಳಿಯುತ್ತದೆ, ಹುಬ್ಬು ಉಳಿಯುತ್ತದೆ, ಹೆಂಡತಿಯೂ ಉಳಿಯುತ್ತಾಳೆ. ಇಷ್ಟು ವರ್ಷ ಯಾರಿಗೋ ಹೆಸರು ಹುಡುಕಿದ್ದಕ್ಕೆ ಇವತ್ತು ಪ್ರತಿಫಲ ಬಂತು.

ದೊಡ್ಡವರು ಪಿಮ್ಮಿಯನ್ನು ನಾಲಿಗೆಯ ಮೇಲೆ ಎರಡು ಸಲ ಹೊರಳಿಸಿ ನೋಡಿದರು. “ಪಾಸು,” ಎಂದರು.

ಗುಮಾಸ್ತರು ಓಡಿಬಂದು ಮನೆಗೆ ಫೋನು ಮಾಡಿದರು. “ಕೇಳೇ, ಹೊರಡಬೇಡ! ನಿನ್ನ ಹೆಸರು ಸೋಪಿನ ಮೇಲೆ ಬರ್ತಿದೆ. ಪಿಮ್ಮಿ ಸೋಪು!”

“ಯಾವುದು? ಕಜ್ಜಿ ಸೋಪಾ?”

“ಅಲ್ಲ ಮಾರಾಯ್ತಿ, ಹೊಸದು. ಗುಲಾಬಿ ಬಣ್ಣದ್ದು. ಪರಿಮಳ ಅಂದ್ರೆ ಪರಿಮಳ.”

“ನಿಜವಾಗ್ಲೂ? ನನ್ನ ಹೆಸರಾ?” ದನಿ ಮದುವೆಯ ಹೊಸತಿಗೆ ಹೋಗಿ ಬಂತು. “ರೀ... ಎಣ್ಣೆ ಇವತ್ತೇ ಬೇಕು ಅಂತೇನಿಲ್ಲ. ನೀವು ಬೇಗ ಬನ್ನಿ.” ಹಿಂದಿನಿಂದ ರೇಡಿಯೋ ಅಕ್ಕ “ಏನಂತೆ, ಏನಂತೆ?” ಎನ್ನುವುದು ಕೇಳಿಸಿತು. ಮಿಕ್ಕ ಪ್ರಸಾರಕ್ಕೆ ಗುಮಾಸ್ತರು ಶ್ರಮ ಪಡಬೇಕಾಗಿರಲಿಲ್ಲ.

ಸೈರನ್ ಕೂಗಿತು. ಅಚ್ಚಿನವರು ಯಂತ್ರ ಹೊತ್ತು ಬಂದರು. ಗುಮಾಸ್ತರು ಅವರನ್ನು ಸೋಪಿನ ವಿಭಾಗದ ಕಡೆ ಕರೆದೊಯ್ಯುತ್ತಿರುವಾಗ ಎಣ್ಣೆ ಅಣ್ಣ ದಾರಿಗೆ ಅಡ್ಡ ನಿಂತ. ಈ ಸಲ ಕೈಯಲ್ಲಿ ನೀರಿನ ಲೋಟ ಇರಲಿಲ್ಲ.

“ಆ ಕಡೆ ಅಲ್ಲ ಗುಮಾಸ್ತ್ರೇ. ಈ ಕಡೆ.”

“ಯಾಕೆ?”

“ಸರದಿ ನಂದಲ್ವಾ?”

ಇಬ್ಬರೂ ದೊಡ್ಡವರ ಬಳಿ ಹೋದರು. ದೊಡ್ಡವರು ದಿಂಬಿನ ಮೇಲೆ ಮೆಲ್ಲಗೆ ಮಗ್ಗುಲು ಬದಲಿಸಿ ಯೋಚಿಸಿದರು.

“ಲೂಮಾ ನನ್ನ ಮಾತು, ಅದು ಸರದಿಗೆ ಸೇರಲ್ಲ ಅಂದಿದ್ದೆ. ಅದು ರದ್ದಾಯ್ತು. ಪಿಮ್ಮಿ ನನ್ನ ಮಾತಲ್ಲ. ಅಂದ್ಮೇಲೆ ಸರದಿಗೆ ಸೇರುತ್ತೆ. ಸೋಪು ಮುಂದಿನ ಹೆಸರಿಗೆ ಕಾಯ್ಲಿ.”

“ಸಾರ್, ಅದು ನನ್ನ ಹೆಂಡತಿ ಹೆಸರು ಸಾರ್!”

“ಅದಕ್ಕೇ ಹೇಳ್ತಿರೋದು. ನೀವೇ ಮಾಡಿದ ನಿಯಮ. ಹೆಂಡತಿಗೋಸ್ಕರ ಮುರಿದ ಅಂತ ಜನ ಆಡ್ಕೋಬಾರದು.” ದೊಡ್ಡವರು ಎದ್ದು, ಎರಡನೆಯ ಸಲ, ಗುಮಾಸ್ತರ ಬೆನ್ನು ತಟ್ಟಿದರು. ತಿಗಣೆ ಕಚ್ಚಿದ ಜಾಗಕ್ಕೇ ಸರಿಯಾಗಿ ತಟ್ಟಿದರು.

ಡಬ್ಬಿಯ ಮೇಲೆ ಬೇರೆಲ್ಲ ಮೊದಲೇ ಅಚ್ಚಾಗಿತ್ತು. ಹೆಸರೊಂದು ಒತ್ತುವುದು ಎಷ್ಟು ಹೊತ್ತಿನ ಕೆಲಸ? ಎಣ್ಣೆ ಅಣ್ಣ ಕೊಟ್ಟ ಮಾತಿಗೆ ತಪ್ಪುವವನಲ್ಲ. ಇನ್ನೂ ಮಸಿ ಆರದ ಮೊದಲ ಡಬ್ಬಿಯನ್ನು ತಂದು ಗುಮಾಸ್ತರ ಕೈಗಿಟ್ಟ. “ಬೆಳಿಗ್ಗೆ ಕೇಳಿದ್ರಲ್ಲ. ತಗೊಳ್ಳಿ. ಅತ್ತಿಗೆಗೆ ನಮಸ್ಕಾರ ಹೇಳಿ.”

ಗುಮಾಸ್ತರು ಮನೆಯ ದಾರಿಯನ್ನು ಆದಷ್ಟು ಉದ್ದ ಮಾಡಿಕೊಂಡು ನಡೆದರು. ಡಬ್ಬಿಯನ್ನು ಚರಂಡಿಗೆ ಎಸೆಯೋಣವೆಂದರೆ ನಾಳೆ ಅದೇ ಡಬ್ಬಿ ಬೀದಿ ಕೊನೆಯ ಅಂಗಡಿಯಲ್ಲಿ ಸಾಲಾಗಿ ನಿಂತಿರುತ್ತದೆ. ಮೆಟ್ಟಿಲು ಹತ್ತುವಾಗಲೇ ಮೇಲೆ ಗದ್ದಲ ಕೇಳಿಸಿತು. ಬಾಗಿಲು ತೆರೆದರೆ ಮನೆ ತುಂಬ ಜನ. ಕೆಳಮನೆಯವರು, ಮೇಲ್ಮನೆಯವರು ಎಲ್ಲ ಸೇರಿದ್ದರು. ರೇಡಿಯೋ ಅಕ್ಕ ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಮೊದಲ ಸೋಪಿನಲ್ಲಿ ಮುಖ ತೊಳೆಯಲು ಒಂದು ಬಕೆಟ್ ನೀರಿನ ಸಮೇತ ಸಿದ್ಧಳಾಗಿದ್ದಳು. ಹೆಂಡತಿ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು ನಿಂತಿದ್ದಳು. ಕುರ್ಚಿಯ ಮೇಲೆ ಅತ್ತೆಯವರು ಕೂತಿದ್ದರು. ಮಗಳು ಹೋಗುವ ಬದಲು, ಸುದ್ದಿ ಕೇಳಿ ಅವರೇ ಬಂದಿದ್ದರು.

“ನೋಡಿದ್ಯಾ, ನಾನಿಟ್ಟ ಹೆಸರು!” ಎನ್ನುತ್ತಿದ್ದರು ಅತ್ತೆ. “ಅಳಿಯಂದ್ರೇ, ತನ್ನಿ ಇತ್ಲಾಗೆ.”

“ಎಲ್ರೀ?” ಎಂದಳು ಹೆಂಡತಿ, ಕಣ್ಣರಳಿಸಿ.

ಗುಮಾಸ್ತರು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. “ಅದು... ಸ್ವಲ್ಪ ಬದಲಾವಣೆ ಆಗಿದೆ.”

ಬೆನ್ನ ಹಿಂದೆ ಏನಿದ್ದರೂ ಅದು ತನ್ನ ಸ್ವತ್ತು ಎಂಬುದು ರೇಡಿಯೋ ಅಕ್ಕನ ನಂಬಿಕೆ. ಆಕೆ ಡಬ್ಬಿಯನ್ನು ಕಸಿದು, ದೀಪದ ಕೆಳಗೆ ಹಿಡಿದು, ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಓದಿದಳು:

“ಪಿಮ್ಮಿ ಮನೆಗೆ ಬಂದರೆ, ಮಂಚದಲ್ಲಿ ಒಬ್ಬರೂ ಉಳಿಯುವುದಿಲ್ಲ!”

ರೇಡಿಯೋ ಅಕ್ಕ ಡಬ್ಬಿಯ ಇನ್ನೊಂದು ಮಗ್ಗುಲು ತಿರುಗಿಸಿ, “ತಿಗಣೆ ಎಣ್ಣೆ,” ಎಂದು ಉಳಿದದ್ದನ್ನೂ ಓದಿ ಮುಗಿಸಿದಳು. ಮುಚ್ಚಳ ಸಡಿಲವಿತ್ತು. ಎಣ್ಣೆಯ ಘಾಟು ಮೇಲೆದ್ದು ನೇರ ಹೆಂಡತಿಯ ಮೂಗಿಗೆ ಬಡಿಯಿತು.

ಅವಳು ಕಣ್ಣು ಮುಚ್ಚಿದಳು. ಬಾಯಿ ತೆರೆದಳು.

“ಪಿಮ್ಮಿ!”

ಅಷ್ಟೇ. ಕೆಳಮನೆಯವರು ಗೋಡೆ ಹಿಡಿದುಕೊಂಡರು. ಮೇಲ್ಮನೆಯವರು ನೆಲ ಹಿಡಿದುಕೊಂಡರು. ರೇಡಿಯೋ ಅಕ್ಕ ಬಕೆಟ್ಟಿನ ನೀರಿನಲ್ಲೇ ಕೂತುಬಿಟ್ಟಳು. ಹೆತ್ತ ತಾಯಿಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕುಲುಕಾಡಿದರು. ಕಂಪನಿಯ ನಿಯಮದ ಪ್ರಕಾರ ಇಷ್ಟು ನಗುವಿಗೆ ಆ ಹೆಸರು ಹತ್ತು ಸಲ ರದ್ದಾಗಬೇಕಿತ್ತು. ಆದರೆ ಅಷ್ಟು ಹೊತ್ತಿಗೆ ಗೋಡೌನಿನ ಡಬ್ಬಿಗಳ ಮೇಲೆಲ್ಲ ಮಸಿ ಆರಿತ್ತು.

ಹೆಂಡತಿಯೊಬ್ಬಳು ನಗಲಿಲ್ಲ. ಮೂಗು ಒರೆಸಿಕೊಂಡಳು. ರೇಡಿಯೋ ಅಕ್ಕನ ಕೈಯಿಂದ ಡಬ್ಬಿ ಇಸಕೊಂಡು ಒಳಗೆ ಹೋಗಿ, ಮಂಚದ ಕಾಲಿಗೂ ಸಂದಿಗೂ ಒಂದೂ ಬಿಡದೆ ಎಣ್ಣೆ ಹಚ್ಚಿದಳು. ಅಮ್ಮನಿಗೂ ತನಗೂ ಒಣ ಬಟ್ಟೆ ಹಾಸಿ ಹಾಸಿಗೆ ಮಾಡಿದಳು. ಆಮೇಲೆ ಹಳೆಯ ಚಾಪೆಯೊಂದನ್ನು ತಂದು ಹೊರಗಿನ ಕೋಣೆಯಲ್ಲಿ ಗಂಡನ ಕಾಲ ಬುಡಕ್ಕೆ ಬಿಸಾಕಿದಳು.

ಗುಮಾಸ್ತರು ದೈನ್ಯದಿಂದ ಡಬ್ಬಿಯ ಕಡೆ ಕೈಚಾಚಿದರು. “ಇದಕ್ಕೂ ಎರಡು ಹನಿ ಹಾಕೇ...”

“ಇದರ ಮೇಲೆ ನನ್ನ ಹೆಸರಿದೆ. ಇದು ನನ್ನ ಮಂಚಕ್ಕೆ,” ಎಂದಳು ಹೆಂಡತಿ. “ನಿಮ್ಮ ಹೆಸರಿನ ಎಣ್ಣೆ ಬಂದ ದಿನ ನಿಮ್ಮ ಚಾಪೆಗೆ ಹಾಕ್ಕೊಳ್ಳಿ.”

ಬಾಗಿಲು ಮುಚ್ಚಿತು. ಗುಮಾಸ್ತರು ಚಾಪೆ ಬಿಡಿಸಿ ಕೂತರು. ಎಣ್ಣೆ ಅಣ್ಣ ಹೊಸೆದ ಸಾಲು ಸುಳ್ಳಾಗಲಿಲ್ಲ. ಪಿಮ್ಮಿ ಬಿದ್ದ ಮಂಚದಲ್ಲಿ ಒಂದೇ ಒಂದು ತಿಗಣೆಯೂ ಉಳಿಯಲಿಲ್ಲ. ಮರಿಮಕ್ಕಳನ್ನೂ ಕಟ್ಟಿಕೊಂಡು, ಬಾಗಿಲ ಕೆಳಗಿನ ಸಂದಿಯಿಂದ ಒಂದರ ಹಿಂದೊಂದು, ಗುಮಾಸ್ತರ ನಿಯಮದಂತೆ ಸರದಿ ತಪ್ಪದೆ, ಅವು ಚಾಪೆಯ ಕಡೆಗೆ ಬರುತ್ತಿದ್ದವು.